ಸುತ್ತಿಗೆ ಹಿಡಿದ ಕೈ ಮಂಗಳದ ನೆಲದ ಮೇಲೆ ಬೇಕೇ?

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಕಳೆದ ತಿಂಗಳು ‘ಬೇರೆ ಗ್ರಹಗಳಿಗೆ ಮನುಷ್ಯರನ್ನು ಕಳುಹಿಸುವುದು ಆ ಖರ್ಚಿಗೆ ತಕ್ಕುದೇ?’ ಎಂಬ ಚರ್ಚಾಸ್ಪರ್ಧೆ ನಡೆಸಿದೆವು. ಒಂಬತ್ತನೇ ತರಗತಿಯ ಹುಡುಗನೊಬ್ಬ, ‘ನಮ್ಮ ಬೀದಿಯ ನಲ್ಲಿಯಲ್ಲಿ ನೀರು ಬರುವುದು ನಾಲ್ಕು ದಿನಕ್ಕೊಮ್ಮೆ. ಮಂಗಳದಲ್ಲಿ ನೀರು ಹುಡುಕಲು ಲಕ್ಷಾಂತರ ಕೋಟಿ ಏಕೆ?’ ಎಂದು ಕೇಳಿದಾಗ ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಎದುರು ತಂಡದ ಹುಡುಗಿ, ‘ರೋಬಾಟ್ ಹೋದರೆ ನಾವು ಹೋದಂತಾಗುವುದಿಲ್ಲ, ಅದಕ್ಕೆ ಆಶ್ಚರ್ಯಪಡುವುದು ಗೊತ್ತಿಲ್ಲ’ ಎಂದಳು. ತೀರ್ಪುಗಾರ್ತಿಯಾಗಿದ್ದ ನನಗೆ ಯಾರು ಸರಿ ಎಂದು ಹೇಳಲಾಗಲಿಲ್ಲ. ನೀವು ಜೀವನವಿಡೀ ಕಲ್ಲು ಓದಿದವರು. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

ಉತ್ತರ: ಮೇಡಂ, ತೀರ್ಪನ್ನು ತಡೆಹಿಡಿದು ಪತ್ರ ಬರೆದಿರಲ್ಲ, ಅದು ನನಗೆ ತುಂಬ ಹಿಡಿಸಿತು. ಇಬ್ಬರು ಮಕ್ಕಳೂ ಗಟ್ಟಿಯಾದ ಮಾತನ್ನೇ ಆಡಿದ್ದಾರೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಮೂವತ್ತು ವರ್ಷ ಭೂವಿಜ್ಞಾನ ಕಲಿಸಿದವನು ನಾನು. ಬಯಲಿನಲ್ಲಿ ನಿಂತು ಕಲ್ಲನ್ನು ನೋಡುವ ಮನುಷ್ಯನ ಕಣ್ಣಿಗೆ, ಅದನ್ನು ಒಡೆದು ತಿರುಗಿಸುವ ಕೈಗೆ ಸಾಟಿಯಾದ ಯಂತ್ರ ಇನ್ನೂ ಹುಟ್ಟಿಲ್ಲ ಎಂದೇ ನಂಬಿದ್ದೇನೆ. ಆದರೂ ಮಂಗಳದ ನೆಲದ ಮೇಲೆ ಮನುಷ್ಯ ಈಗ ಕಾಲಿಡುವುದು ಬೇಡ ಎನ್ನುತ್ತೇನೆ. ಖರ್ಚು ಒಂದು ಕಾರಣ, ಆದರೆ ನನಗೆ ಅದು ಎರಡನೆಯದು. ನಾವು ಅಲ್ಲಿ ಏನನ್ನು ಹುಡುಕಲು ಹೊರಟಿದ್ದೇವೆಯೋ ಅದನ್ನು ನಾವೇ ಹಾಳುಮಾಡುತ್ತೇವೆ ಎನ್ನುವುದು ಮೊದಲನೆಯದು. ‘ಬೇರೆ ಗ್ರಹಗಳು’ ಎಂದು ನೀವು ಬಹುವಚನದಲ್ಲಿ ಕೇಳಿದ್ದೀರಿ. ಸೀಸವೂ ಕರಗುವಷ್ಟು ಕಾದ ಶುಕ್ರ, ನಿಲ್ಲಲು ನೆಲವೇ ಇಲ್ಲದ ಗುರು ಮತ್ತು ಶನಿಯನ್ನು ಬಿಟ್ಟರೆ ಮನುಷ್ಯ ಇಳಿಯಬಹುದಾದ ಗ್ರಹವೆಂದು ಯಾರಾದರೂ ಯೋಜನೆ ಹಾಕಿರುವುದು ಮಂಗಳಕ್ಕೆ ಮಾತ್ರ. ಹಾಗಾಗಿ ಅದರ ಬಗ್ಗೆಯೇ ಮಾತನಾಡುತ್ತೇನೆ.

ಮೊದಲು ಆ ಹುಡುಗನ ನಲ್ಲಿ ನೀರು. ಅವನ ಸಿಟ್ಟು ನ್ಯಾಯವಾದದ್ದು, ಆದರೆ ಆ ನೀರನ್ನು ಕುಡಿದದ್ದು ಬಾಹ್ಯಾಕಾಶವಲ್ಲ ಎಂದು ಲೆಕ್ಕ ಹೇಳುತ್ತದೆ. 2024-25ರಲ್ಲಿ ನಮ್ಮ ಬಾಹ್ಯಾಕಾಶ ಇಲಾಖೆಗೆ ಸಿಕ್ಕಿದ್ದು ಸುಮಾರು 13 ಸಾವಿರ ಕೋಟಿ ರೂಪಾಯಿ. ಆ ವರ್ಷದ ಒಟ್ಟು ಕೇಂದ್ರ ಬಜೆಟ್ 48 ಲಕ್ಷ ಕೋಟಿಗೂ ಹೆಚ್ಚು. ಅಂದರೆ ದೇಶ ನೂರು ರೂಪಾಯಿ ಖರ್ಚು ಮಾಡಿದಾಗ ಅದರಲ್ಲಿ ಮೂವತ್ತು ಪೈಸೆಯೂ ಆಕಾಶಕ್ಕೆ ಹೋಗುವುದಿಲ್ಲ. ಮನೆಮನೆಗೆ ನಲ್ಲಿ ಹಾಕಿಸುವ ಜಲ ಜೀವನ್ ಮಿಷನ್‌ಗೆ 2019ರಲ್ಲಿ ಅಂದಾಜು ಮಾಡಿದ ಮೊತ್ತ 3.6 ಲಕ್ಷ ಕೋಟಿ. ಮಂಗಳಯಾನಕ್ಕೆ ತಗುಲಿದ್ದು 450 ಕೋಟಿ. ಮಂಗಳಯಾನವನ್ನು ಕೈಬಿಟ್ಟು ಆ ಹಣವನ್ನು ಅತ್ತ ಹರಿಸಿದ್ದರೆ ನೀರಿನ ಯೋಜನೆಗೆ ಎಂಟುನೂರರಲ್ಲಿ ಒಂದು ಪಾಲು ಕೂಡುತ್ತಿತ್ತು, ಅಷ್ಟೇ.

ಆದರೆ ಮಂಗಳಯಾನದಲ್ಲಿ ಮನುಷ್ಯರಿರಲಿಲ್ಲ. ಮನುಷ್ಯ ಹತ್ತಿದ ಕೂಡಲೇ ಲೆಕ್ಕದ ಸ್ವರೂಪವೇ ಬದಲಾಗುತ್ತದೆ. ಭೂಮಿಯಿಂದ ಸುಮಾರು 400 ಕಿಲೋಮೀಟರ್ ಎತ್ತರಕ್ಕೆ ನಮ್ಮವರನ್ನು ಕಳುಹಿಸಿ ಕರೆತರುವ ಗಗನಯಾನ ಕಾರ್ಯಕ್ರಮದ ಪರಿಷ್ಕೃತ ಮೊತ್ತವೇ 20,193 ಕೋಟಿ ರೂಪಾಯಿ. ನಲವತ್ತನಾಲ್ಕು ಮಂಗಳಯಾನಗಳ ಹಣ! ಮಂಗಳಕ್ಕೆ ಮನುಷ್ಯರನ್ನು ಕಳುಹಿಸಲು ಎಷ್ಟಾದೀತು ಎಂದು ಅಮೆರಿಕ ಒಮ್ಮೆ ಗಂಭೀರವಾಗಿ ಲೆಕ್ಕ ಹಾಕಿತ್ತು. ಚಂದ್ರನ ಮೇಲೆ ಇಳಿದ ಇಪ್ಪತ್ತನೇ ವರ್ಷದ ದಿನ, 1989ರ ಜುಲೈ 20ರಂದು, ಅಧ್ಯಕ್ಷ ಜಾರ್ಜ್ ಬುಷ್ ಹಿರಿಯರು ಚಂದ್ರ ಮತ್ತು ಮಂಗಳದ ಯೋಜನೆಯನ್ನು ಘೋಷಿಸಿದರು. ಮೂರು ತಿಂಗಳ ಅಧ್ಯಯನದ ನಂತರ ಹೊರಬಿದ್ದ ಅಂದಾಜು ಎರಡು ಮೂರು ದಶಕಗಳಲ್ಲಿ ಸುಮಾರು 50,000 ಕೋಟಿ ಡಾಲರ್. ಆ ಅಂಕಿ ಕಂಡ ಸಂಸತ್ತು ಯೋಜನೆಯನ್ನು ಮುಂದಕ್ಕೆ ಹೋಗಲು ಬಿಡಲಿಲ್ಲ. 2012ರಲ್ಲಿ ಮಂಗಳದ ಮೇಲೆ ಇಳಿದು ಇಂದಿಗೂ ಬೆಟ್ಟ ಹತ್ತುತ್ತಿರುವ ಕ್ಯೂರಿಯಾಸಿಟಿ ರೋವರ್‌ಗೆ ಆದ ಖರ್ಚು ಸುಮಾರು 250 ಕೋಟಿ ಡಾಲರ್. ಹಣದುಬ್ಬರವನ್ನು ಬದಿಗಿಟ್ಟರೂ ಆ ಮೊತ್ತದಲ್ಲಿ ಇನ್ನೂರು ಕ್ಯೂರಿಯಾಸಿಟಿಗಳು ಬರುತ್ತಿದ್ದವು.

ಇನ್ನೂರು ರೋವರ್ ಮೇಲೋ, ನಾಲ್ಕು ಮನುಷ್ಯರು ಮೇಲೋ? ಹೆಚ್ಚಿನವರು ಚರ್ಚೆಯನ್ನು ಇಲ್ಲಿಗೇ ನಿಲ್ಲಿಸಿ ರೋವರ್ ಎಂದುಬಿಡುತ್ತಾರೆ. ಅಷ್ಟು ಸುಲಭವಾಗಿ ಹಾಗೆನ್ನಲು ನನ್ನ ವೃತ್ತಿ ನನ್ನನ್ನು ಬಿಡುವುದಿಲ್ಲ. ಏಕೆಂದು ಒಂದು ಸಂಗತಿ ಹೇಳುತ್ತೇನೆ.

1972ರ ಡಿಸೆಂಬರ್. ಅಪೊಲೊ 17ರಲ್ಲಿ ಚಂದ್ರನಿಗೆ ಹೋದ ಹ್ಯಾರಿಸನ್ ಸ್ಮಿಟ್, ಅಲ್ಲಿ ನಡೆದ 12 ಮಂದಿಯಲ್ಲಿ ವೃತ್ತಿಯಿಂದ ಭೂವಿಜ್ಞಾನಿಯಾಗಿದ್ದ ಏಕೈಕ ವ್ಯಕ್ತಿ. ಶಾರ್ಟಿ ಎಂಬ ಕುಳಿಯ ಅಂಚಿನಲ್ಲಿ ಅವರು ಓಡಾಡುವಾಗ ಬೂಟು ಕೆದಕಿದ ಜಾಗದಲ್ಲಿ ಬೂದು ಮಣ್ಣಿನ ಕೆಳಗೆ ಬೇರೆಯೇ ಬಣ್ಣ ಕಂಡಿತು. ಕಿತ್ತಳೆ! ಬೂದು ಬಣ್ಣವಲ್ಲದೆ ಬೇರೇನೂ ಕಾಣದ ಆ ನೆಲದಲ್ಲಿ ಕಿತ್ತಳೆ ಮಣ್ಣು. ಜೊತೆಗಿದ್ದ ಯೂಜೀನ್ ಸರ್ನನ್ ತಮ್ಮ ಶಿರಸ್ತ್ರಾಣದ ಬಂಗಾರ ಲೇಪದ ಗಾಜನ್ನು ಮೇಲೆತ್ತಿ, ಕಣ್ಣಿಗೆ ಭ್ರಮೆಯಾಗಿಲ್ಲ ಎಂದು ಖಚಿತಪಡಿಸಿಕೊಂಡರು. ಕುಳಿಯ ಬಳಿ ಇರಲು ಉಳಿದಿದ್ದ ಸಮಯ ಬಹಳ ಕಡಿಮೆ. ಅಷ್ಟರಲ್ಲೇ ಇಬ್ಬರೂ ಸೇರಿ ಸಣ್ಣ ಕಾಲುವೆ ತೋಡಿದರು, ಪದರಗಳ ಚಿತ್ರ ತೆಗೆದರು, ಕೊಳವೆ ಹೊಡೆದು ಆಳದ ಮಣ್ಣನ್ನು ತೆಗೆದುಕೊಂಡರು. ಯಾವ ನಕ್ಷೆಯಲ್ಲೂ ಆ ಕಿತ್ತಳೆ ಪಟ್ಟಿ ಇರಲಿಲ್ಲ. ಹೋಗುತ್ತಾ ಹೋಗುತ್ತಾ ಓರೆಗಣ್ಣಿಗೆ ಬಿದ್ದದ್ದನ್ನು ಕಂಡು ನಿಲ್ಲುವುದು, ನಿಂತು ಅಲ್ಲಿಯ ತನಕದ ಯೋಜನೆಯನ್ನು ಪಕ್ಕಕ್ಕೆ ಸರಿಸುವುದು, ಇದು ಬಯಲಿನ ಭೂವಿಜ್ಞಾನ. ನಿಮ್ಮ ವಿದ್ಯಾರ್ಥಿನಿ ‘ಆಶ್ಚರ್ಯಪಡುವುದು’ ಎಂದದ್ದು ಇದನ್ನೇ.

ಆ ಮಣ್ಣು ಸುಮಾರು 350 ಕೋಟಿ ವರ್ಷಗಳ ಹಿಂದೆ ಲಾವಾ ಕಾರಂಜಿಯಂತೆ ಚಿಮ್ಮಿದಾಗ ಹೆಪ್ಪುಗಟ್ಟಿದ ಗಾಜಿನ ಸಣ್ಣ ಸಣ್ಣ ಮಣಿಗಳು ಎಂದು ಆಮೇಲೆ ತಿಳಿಯಿತು. ಕಥೆ ಅಲ್ಲಿಗೇ ಮುಗಿಯಲಿಲ್ಲ. ಚಂದ್ರ ಒಣ ಕೊರಡು ಎಂದು ದಶಕಗಳ ಕಾಲ ಎಲ್ಲರೂ ನಂಬಿದ್ದರು. 2008ರಲ್ಲಿ, ಅಪೊಲೊ ಕಾಲದಲ್ಲಿ ಹುಟ್ಟಿಯೇ ಇರದ ಸೂಕ್ಷ್ಮ ಉಪಕರಣಗಳಿಂದ ಇಂಥ ಮಣಿಗಳನ್ನು ಮತ್ತೆ ಪರೀಕ್ಷಿಸಿದಾಗ ಅವುಗಳೊಳಗೆ ನೀರಿನ ಕುರುಹು ಸಿಕ್ಕಿತು. ಮರುವರ್ಷ ನಮ್ಮ ಚಂದ್ರಯಾನ-1ರಲ್ಲಿದ್ದ ಉಪಕರಣವೊಂದು ಚಂದ್ರನ ಮೇಲ್ಮೈಯಲ್ಲೂ ನೀರಿನ ಅಂಶವಿದೆ ಎಂದು ತೋರಿಸಿತು. ಹಾಗಾಗಿ ಸ್ಮಿಟ್ ಕಥೆಯಲ್ಲಿ ಎರಡು ಭಾಗಗಳಿವೆ. ಅಲ್ಲಿ ಆರಿಸಿದ್ದು ಮನುಷ್ಯನ ಕಣ್ಣು. ಉತ್ತರ ಕೊಟ್ಟದ್ದು, ಮೂವತ್ತಾರು ವರ್ಷ ಬಿಟ್ಟು, ಭೂಮಿಯ ಮೇಲಿನ ಪ್ರಯೋಗಾಲಯ. ಈ ಎರಡನೇ ಭಾಗವನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಪೊಲೊದ ಆರು ತಂಡಗಳು ತಂದದ್ದು 382 ಕಿಲೋ ಕಲ್ಲು-ಮಣ್ಣು. ಅದೇ ಕಾಲದಲ್ಲಿ ಸೋವಿಯತ್ ಒಕ್ಕೂಟದ ಮೂರು ಲೂನಾ ಯಂತ್ರಗಳು ತಂದದ್ದು ಎಲ್ಲ ಸೇರಿ ಮುನ್ನೂರು ಗ್ರಾಂ ಆಸುಪಾಸು. ಅಪೊಲೊ 17ರ ಇಬ್ಬರು ಮೂರು ದಿನದಲ್ಲಿ ಬಗ್ಗಿಯಂಥ ಗಾಡಿಯಲ್ಲಿ ಓಡಾಡಿದ್ದು ಸುಮಾರು 35 ಕಿಲೋಮೀಟರ್. ಮಂಗಳದ ಮೇಲೆ ಅತಿ ದೂರ ನಡೆದ ಆಪರ್ಚುನಿಟಿ ರೋವರ್ 45 ಕಿಲೋಮೀಟರ್ ಸಾಗಲು ಹದಿನಾಲ್ಕು ವರ್ಷ ತೆಗೆದುಕೊಂಡಿತು.

ಇನ್‌ಸೈಟ್ ಲ್ಯಾಂಡರ್‌ನ ಕಥೆ ನೆನೆದರೆ ನನಗೆ ಈಗಲೂ ಹೊಟ್ಟೆ ಕಿವುಚುತ್ತದೆ. 2018ರಲ್ಲಿ ಮಂಗಳದಲ್ಲಿ ಇಳಿದ ಆ ಯಂತ್ರದಲ್ಲಿ ಜರ್ಮನಿಯವರು ಮಾಡಿದ್ದ ನಲವತ್ತು ಸೆಂಟಿಮೀಟರ್ ಉದ್ದದ ಒಂದು ಮೊಳೆಯಂಥ ಉಪಕರಣವಿತ್ತು. ತನ್ನನ್ನು ತಾನೇ ಬಡಿದುಕೊಳ್ಳುತ್ತಾ ಐದು ಮೀಟರ್ ಆಳಕ್ಕೆ ಇಳಿದು ಗ್ರಹದ ಒಳಗಿನ ಬಿಸಿಯನ್ನು ಅಳೆಯಬೇಕಿತ್ತು. ಅಲ್ಲಿನ ಮಣ್ಣು ಹೆಂಟೆಗಟ್ಟುವ ಜಾತಿಯದು. ಮೊಳೆಗೆ ಸುತ್ತ ಹಿಡಿತ ಸಿಗಲಿಲ್ಲ, ಹೊಡೆದಂತೆಲ್ಲ ಇದ್ದಲ್ಲೇ ಕುಣಿಯಿತು, ಒಮ್ಮೆ ಅರ್ಧ ಹೊರಗೇ ಬಂದುಬಿಟ್ಟಿತು. ಎಂಜಿನಿಯರುಗಳು ಸುಮ್ಮನೆ ಕೂರಲಿಲ್ಲ. ಲ್ಯಾಂಡರ್‌ನ ತೋಳಿನ ಸೌಟಿನಿಂದ ಪಕ್ಕಕ್ಕೆ ಒತ್ತಿದರು, ತಲೆಯ ಮೇಲಿಂದ ಒತ್ತಿದರು, ಮಣ್ಣು ಕೆರೆದು ಗುಂಡಿ ತುಂಬಿಸಿದರು. ಒಂದೊಂದು ಆದೇಶವನ್ನೂ ಭೂಮಿಯಿಂದ ಕಳುಹಿಸಿ, ಆಮೇಲೆ ಬರುವ ಚಿತ್ರಕ್ಕಾಗಿ ಕಾಯಬೇಕು. ಸುಮಾರು ಎರಡು ವರ್ಷ ಹೆಣಗಿ 2021ರ ಜನವರಿಯಲ್ಲಿ ಕೈಬಿಟ್ಟರು. ಮೊಳೆಯ ತಲೆ ಆಗ ನೆಲದಿಂದ ಎರಡು ಮೂರು ಸೆಂಟಿಮೀಟರ್ ಕೆಳಗಿತ್ತು. ನಮ್ಮ ವಿಭಾಗದಲ್ಲಿ ಕ್ಷೇತ್ರಕಾರ್ಯಕ್ಕೆ ಬರುತ್ತಿದ್ದ ಸಹಾಯಕರು ಅಲ್ಲಿದ್ದಿದ್ದರೆ ಒಂದು ಹಾರೆ ತೆಗೆದುಕೊಂಡು ಮಧ್ಯಾಹ್ನದ ಊಟದೊಳಗೆ ಬೇರೆ ಜಾಗದಲ್ಲಿ ತೂತು ಹಾಕಿ ಕೊಡುತ್ತಿದ್ದರು.

ಇಷ್ಟೆಲ್ಲ ಹೇಳಿ ಮನುಷ್ಯ ಬೇಡ ಎನ್ನುವುದು ಹೇಗೆ? ಈಗ ಆ ಕಡೆಯ ತಕ್ಕಡಿ ನೋಡೋಣ.

ಮಂಗಳ ನಮಗೆ ಅತಿ ಹತ್ತಿರ ಬಂದಾಗ ಸುಮಾರು ಐದೂವರೆ ಕೋಟಿ ಕಿಲೋಮೀಟರ್, ದೂರ ಹೋದಾಗ ನಲವತ್ತು ಕೋಟಿ. ಹೊರಡಲು ಅನುಕೂಲವಾದ ಕಾಲ ಇಪ್ಪತ್ತಾರು ತಿಂಗಳಿಗೊಮ್ಮೆ ಬರುತ್ತದೆ. ಹೋಗಲು ಆರರಿಂದ ಒಂಬತ್ತು ತಿಂಗಳು, ಗ್ರಹಗಳು ಮತ್ತೆ ಹೊಂದಿಕೊಳ್ಳುವ ತನಕ ಅಲ್ಲಿ ಒಂದೂವರೆ ವರ್ಷ ಕಾಯಬೇಕು, ಬರಲು ಮತ್ತೆ ಅಷ್ಟೇ. ಹತ್ತಿರ ಹತ್ತಿರ ಮೂರು ವರ್ಷ. ಸುನೀತಾ ವಿಲಿಯಮ್ಸ್ ಎಂಟು ದಿನಕ್ಕೆಂದು ಹೋಗಿ ಒಂಬತ್ತು ತಿಂಗಳು ನಿಲ್ಲಬೇಕಾಗಿ ಬಂದದ್ದು ಎಲ್ಲರಿಗೂ ನೆನಪಿದೆ. ಅವರು ಕಾಯಲು ಸಾಧ್ಯವಾದದ್ದು ಅಲ್ಲೊಂದು ನಿಲ್ದಾಣವಿತ್ತು, ಭೂಮಿಯಿಂದ ಆಹಾರ ಹೊತ್ತ ನೌಕೆಗಳು ಬಂದು ಹೋಗುತ್ತಿದ್ದವು ಎಂಬ ಕಾರಣಕ್ಕೆ. ಮಂಗಳದ ದಾರಿಯಲ್ಲಿ ಅಪೆಂಡಿಕ್ಸ್ ಕೆರಳಿದರೆ, ನೀರು ಶುದ್ಧ ಮಾಡುವ ಪಂಪು ಕೆಟ್ಟರೆ, ಕೈಯಲ್ಲಿರುವ ಪೆಟ್ಟಿಗೆಯಲ್ಲಿ ಏನಿದೆಯೋ ಅದೇ ಗತಿ. ಸಹಾಯ ಕೇಳಿದ ಮಾತು ಭೂಮಿ ತಲುಪಲು ಮೂರರಿಂದ ಇಪ್ಪತ್ತೆರಡು ನಿಮಿಷ, ಉತ್ತರ ಬರಲು ಮತ್ತೆ ಅಷ್ಟು.

ದೇಹದ ವಿಷಯದಲ್ಲಿ ಕ್ಯೂರಿಯಾಸಿಟಿಯೇ ನಮಗೆ ಅಳತೆ ಕೊಟ್ಟಿದೆ. ಹೋಗುವ ದಾರಿಯಲ್ಲಿ ಅದರೊಳಗಿದ್ದ ಉಪಕರಣ ವಿಕಿರಣವನ್ನು ಅಳೆಯಿತು. ಹೋಗಿಬರುವ ಪ್ರಯಾಣಕ್ಕೆ ಮಾತ್ರ ಸುಮಾರು 660 ಮಿಲಿಸೀವರ್ಟ್ ಆಗುತ್ತದೆ ಎಂದು ಅದರಿಂದ ಲೆಕ್ಕ ಹಾಕಿದರು. ಭೂಮಿಯ ಮೇಲೆ ನಿಮಗೆ ನನಗೆ ನಿಸರ್ಗದಿಂದ ವರ್ಷಕ್ಕೆ ತಗುಲುವುದು ಸರಾಸರಿ ಎರಡೂವರೆಯಷ್ಟು. ನಾಸಾ ತನ್ನ ಗಗನಯಾತ್ರಿಗೆ ಇಡೀ ವೃತ್ತಿಜೀವನಕ್ಕೆ ಹಾಕಿರುವ ಮಿತಿ 600. ನೆಲದ ಮೇಲೆ ಕಳೆಯುವ ದಿನಗಳನ್ನು ಇನ್ನೂ ಸೇರಿಸಿಲ್ಲ. ತೂಕವಿಲ್ಲದ ಸ್ಥಿತಿಯಲ್ಲಿ ಸೊಂಟ ತೊಡೆಯ ಮೂಳೆ ತಿಂಗಳಿಗೆ ಶೇಕಡಾ ಒಂದರಿಂದ ಒಂದೂವರೆಯಷ್ಟು ಸವೆಯುತ್ತದೆ. ಇದನ್ನು ವ್ಯಾಯಾಮದಿಂದ ತಡೆಯಬಹುದು ಎಂಬುದಕ್ಕೆ ಆಧಾರವಿದೆ. 1995ರಲ್ಲಿ 437 ದಿನ ಕಳೆದು ಇಳಿದ ವಲೇರಿ ಪೊಲ್ಯಾಕೊವ್ ನೌಕೆಯಿಂದ ಕುರ್ಚಿಗೆ ತಾವೇ ನಡೆದು ಹೋದರು. ವಿಕಿರಣಕ್ಕೆ ಮಾತ್ರ ಅಂಥ ಉಪಾಯ ಇನ್ನೂ ಸಿಕ್ಕಿಲ್ಲ.

ಇಳಿಯುವುದೂ ಬೇರೆ ಸಮಸ್ಯೆ. ಮಂಗಳದ ಗಾಳಿ ಭೂಮಿಯ ಗಾಳಿಯ ನೂರರಲ್ಲಿ ಒಂದು ಪಾಲಿಗಿಂತ ತೆಳು. ನೌಕೆಯನ್ನು ಸುಡುವಷ್ಟು ದಟ್ಟ, ಪ್ಯಾರಾಚೂಟಿನಿಂದ ನಿಲ್ಲಿಸಲು ಸಾಲದಷ್ಟು ವಿರಳ. ಇಲ್ಲಿಯ ತನಕ ಅಲ್ಲಿ ಇಳಿಸಿದ ಅತಿ ಭಾರದ ರೋವರ್ ಪರ್ಸಿವಿಯರೆನ್ಸ್, ಒಂದು ಟನ್ ಚಿಲ್ಲರೆ. ಮನುಷ್ಯರ ತಂಡಕ್ಕೆ ಅದರ ಇಪ್ಪತ್ತು ಪಟ್ಟಾದರೂ ಒಮ್ಮೆಗೆ ಇಳಿಸಬೇಕು, ಆಮೇಲೆ ಅವರನ್ನು ಮತ್ತೆ ಮೇಲಕ್ಕೆ ಹಾರಿಸಬೇಕು. ಇದೆಲ್ಲ ಅಸಾಧ್ಯ ಎಂದು ನಾನು ಹೇಳುತ್ತಿಲ್ಲ. ಎಲಾನ್ ಮಸ್ಕ್ ಅವರ ಕಂಪನಿ ಕಟ್ಟುತ್ತಿರುವ ಸ್ಟಾರ್‌ಶಿಪ್‌ನಂಥ ದೊಡ್ಡ ರಾಕೆಟ್ಟುಗಳು ಸಾಗಣೆಯ ದರವನ್ನು ತುಂಬ ಇಳಿಸಬಹುದು. ಆದರೆ ಇಲ್ಲಿ ರಾಕೆಟ್ಟಿನದು ಬಸ್ ಚಾರ್ಜಿನಷ್ಟು ಖರ್ಚು. ಮೂರು ವರ್ಷ ಕೆಡದ ಉಸಿರು, ನೀರು, ಔಷಧಿ, ಆಶ್ರಯ, ಮರಳಿ ಬರುವ ವಾಹನ, ದೊಡ್ಡ ಬಿಲ್ಲು ಇವುಗಳದ್ದು.

ಇದೆಲ್ಲ ದುಡ್ಡಿನಿಂದಲೂ ಜಾಣ್ಮೆಯಿಂದಲೂ ಒಂದು ದಿನ ಬಗೆಹರಿದೀತು. ಆದರೆ ಇನ್ನೊಂದು ಕಾರಣ ದುಡ್ಡಿಗೆ ಬಗ್ಗುವುದಿಲ್ಲ. ನನ್ನ ನಿದ್ದೆ ಕೆಡಿಸುವುದು ಅದೇ.

ಒಂದು ಸಲ ಶಿವಮೊಗ್ಗದ ಕುಂಸಿ ಕಡೆ ವಿದ್ಯಾರ್ಥಿಗಳನ್ನು ಕರೆದೊಯ್ದಿದ್ದೆ. ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿದರು. ಒಬ್ಬ ಹುಡುಗಿ ತಾನು ಕೂತಿದ್ದ ಕಲ್ಲಿನ ಮೇಲೆ ಕುಡಿಯುವ ನೀರು ಚೆಲ್ಲಿಕೊಂಡಳು. ಒಣಗಿದ್ದಾಗ ಬರೀ ಬೂದು ಬಣ್ಣವಾಗಿದ್ದ ಕಲ್ಲಿನಲ್ಲಿ, ಒದ್ದೆಯಾದ ಕಡೆ ಮಾತ್ರ, ಈರುಳ್ಳಿ ಹೆಚ್ಚಿದಂತೆ ಒಂದರ ಮೇಲೊಂದು ಕಮಾನಿನ ಗೆರೆಗಳು ಮೂಡಿದವು. ಊಟ ಅಲ್ಲೇ ಬಿಟ್ಟು ಎಲ್ಲರೂ ಲೆನ್ಸ್ ಹಿಡಿದು ಬಗ್ಗಿದರು. ಅವು ಸ್ಟ್ರೊಮ್ಯಾಟೊಲೈಟ್‌ಗಳು. 250 ಕೋಟಿ ವರ್ಷಕ್ಕೂ ಹಿಂದೆ ಆಳವಿಲ್ಲದ ಕಡಲಿನಲ್ಲಿ ಸೂಕ್ಷ್ಮಜೀವಿಗಳ ಲೋಳೆಯ ಪದರ, ಅದರ ಮೇಲೆ ಕೂತ ಸುಣ್ಣ, ಮತ್ತೆ ಲೋಳೆ, ಮತ್ತೆ ಸುಣ್ಣ, ಹೀಗೆ ಬೆಳೆದ ರಚನೆಗಳು. ತುಮಕೂರಿನ ದೊಡ್ಡಗುಣಿಯಲ್ಲಿಯೂ, ನಿಮ್ಮ ಜಿಲ್ಲೆಯ ಭೀಮಸಮುದ್ರದ ಕಡೆಯೂ ಇವು ಸಿಕ್ಕಿವೆ. ಆ ಹುಡುಗಿ ಕೇಳಿದ ಪ್ರಶ್ನೆ ಮರೆಯಲಾರೆ: ‘ಸರ್, ಜೀವವಿಲ್ಲದೆ ಬರೀ ಕೆಸರು ಮಡಿಚಿಕೊಂಡರೂ ಹೀಗೇ ಕಾಣುವುದಿಲ್ಲವೇ?’ ಕಾಣುತ್ತದೆ. ಜಗತ್ತಿನ ಅತಿ ಹಳೆಯ ಸ್ಟ್ರೊಮ್ಯಾಟೊಲೈಟ್‌ಗಳ ಬಗ್ಗೆ ಈ ಜಗಳ ಇನ್ನೂ ನಡೆಯುತ್ತಲೇ ಇದೆ. ಕಲ್ಲು ನಮ್ಮ ಕೈಯಲ್ಲೇ ಇದ್ದು, ಅತ್ಯುತ್ತಮ ಪ್ರಯೋಗಾಲಯಗಳು ಪಕ್ಕದಲ್ಲೇ ಇದ್ದು, ಹೀಗೆ.

ಮಂಗಳದ ಕಲ್ಲಿನ ಬಗ್ಗೆಯೂ ಈ ಜಗಳ ಆಗಿದೆ. 1984ರಲ್ಲಿ ಅಂಟಾರ್ಕ್ಟಿಕಾದ ಹಿಮದ ಮೇಲೆ ಸಿಕ್ಕ ಉಲ್ಕಾಶಿಲೆಯೊಂದು ಮಂಗಳದಿಂದ ಬಂದದ್ದು ಎಂದು ಗೊತ್ತಾಯಿತು. 1996ರಲ್ಲಿ ಅದರೊಳಗೆ ಸೂಕ್ಷ್ಮಜೀವಿಯ ಪಳೆಯುಳಿಕೆಯ ಕುರುಹುಗಳಿವೆ ಎಂದು ವಿಜ್ಞಾನಿಗಳ ತಂಡ ಘೋಷಿಸಿತು. ಅಧ್ಯಕ್ಷ ಕ್ಲಿಂಟನ್ ಅವರೇ ಬಂದು ಮಾತನಾಡಿದರು. ಇಂದು ಹೆಚ್ಚಿನ ವಿಜ್ಞಾನಿಗಳು ಆ ಕುರುಹುಗಳಿಗೆ ಜೀವ ಬೇಕಾಗಿಲ್ಲ ಎನ್ನುತ್ತಾರೆ. 2024ರ ಜುಲೈನಲ್ಲಿ ಪರ್ಸಿವಿಯರೆನ್ಸ್ ಜೆಝೆರೊ ಕುಳಿಯ ಹಳೆಯ ನದಿಪಾತ್ರದಲ್ಲಿ ಚಿರತೆ ಚುಕ್ಕೆಯಂಥ ಕಲೆಗಳಿರುವ ಕೆಂಪು ಕಲ್ಲೊಂದನ್ನು ಕಂಡು ಕೊರೆದು ತುಂಬಿಸಿಕೊಂಡಿತು. ಅದು ಜೀವದ ಗುರುತಾಗಿರಬಹುದು, ಆಗಿಲ್ಲದಿರಲೂಬಹುದು ಎನ್ನುವಲ್ಲಿಗೆ ರೋವರ್‌ನ ಶಕ್ತಿ ಮುಗಿಯಿತು. ಆ ಕೊಳವೆ ಭೂಮಿಗೆ ಬಂದರೆ ಮಾತ್ರ ಮುಂದಿನ ಮಾತು.

ಇಂಥ ಜಾಗಕ್ಕೆ ಮನುಷ್ಯ ಬಂದು ನಿಂತರೆ? ನಮ್ಮೊಬ್ಬೊಬ್ಬರ ಮೈಯಲ್ಲೂ ಲಕ್ಷ ಕೋಟಿಗಳ ಲೆಕ್ಕದಲ್ಲಿ ಸೂಕ್ಷ್ಮಜೀವಿಗಳು ವಾಸಿಸುತ್ತವೆ. 1976ರಲ್ಲಿ ಮಂಗಳದಲ್ಲಿ ಇಳಿದ ವೈಕಿಂಗ್ ಲ್ಯಾಂಡರ್‌ಗಳನ್ನು ಹೊರಡುವ ಮುಂಚೆ ಒಲೆಯಂಥ ಕೋಣೆಯಲ್ಲಿಟ್ಟು ಸುಮಾರು 112 ಡಿಗ್ರಿ ಬಿಸಿಯಲ್ಲಿ ಮೂವತ್ತು ಗಂಟೆ ಬೇಯಿಸಿದ್ದರು. ಇಂದಿಗೂ ಅಲ್ಲಿಗೆ ಹೋಗುವ ಯಂತ್ರದ ಮೇಲೆ ಎಷ್ಟು ಬ್ಯಾಕ್ಟೀರಿಯಾದ ಬೀಜಕಣಗಳಿರಬಹುದು ಎಂದು ಎಣಿಸಿ ಮಿತಿ ಹಾಕುತ್ತಾರೆ. ಬೇರೆ ಲೋಕಗಳನ್ನು ಮಲಿನಗೊಳಿಸಬಾರದು ಎಂದು 1967ರ ಬಾಹ್ಯಾಕಾಶ ಒಪ್ಪಂದವೇ ಹೇಳುತ್ತದೆ. ಮನುಷ್ಯನನ್ನು ಒಲೆಯಲ್ಲಿ ಬೇಯಿಸಲಾಗುವುದಿಲ್ಲ. ಅವನ ಉಡುಪು ಸೋರುತ್ತದೆ, ಅವನ ಮನೆಯ ಬಾಗಿಲು ತೆರೆದಾಗಲೆಲ್ಲ ಒಳಗಿನ ಗಾಳಿ ಹೊರಬೀಳುತ್ತದೆ, ಅವನ ಮಲಮೂತ್ರ ಎಲ್ಲಿಯೋ ಇರಬೇಕು. ಒಂದೂವರೆ ವರ್ಷ ನಾಲ್ಕು ಜನ ಇದ್ದ ಕಡೆ ಆಮೇಲೆ ಒಂದು ಜೀವಾಣು ಸಿಕ್ಕರೆ ಅದು ಮಂಗಳದ್ದೋ, ನಮ್ಮ ಹೊಟ್ಟೆಯದ್ದೋ? ಅದರ ವಂಶವಾಹಿ ನೋಡಿ ಹೇಳಬಹುದು ಎನ್ನುವವರಿದ್ದಾರೆ. ಜೀವ ಇನ್ನೂ ಬದುಕಿದ್ದರೆ ಆ ಮಾತು ಸರಿ. ನಾವು ಬಹುಶಃ ಹುಡುಕುತ್ತಿರುವುದು ಮುನ್ನೂರೈವತ್ತು ಕೋಟಿ ವರ್ಷದ ಹಿಂದೆ ಸತ್ತದ್ದರ ಇಂಗಾಲದ ಕಲೆ. ಆ ಕಲೆಯ ಮೇಲೆ ನಮ್ಮ ಇಂಗಾಲ ಬಿದ್ದರೆ ಬೇರ್ಪಡಿಸುವುದು ಎಷ್ಟು ಕಷ್ಟ ಎಂದು ಪ್ರಯೋಗಾಲಯದಲ್ಲಿ ಒಂದು ದಿನ ಕಳೆದವರಿಗೆ ಗೊತ್ತು.

ಧೂಳು ಒಳಗಿನಿಂದ ಹೊರಕ್ಕೆ ಹೋಗುವಂತೆ ಹೊರಗಿನಿಂದ ಒಳಕ್ಕೂ ಬರುತ್ತದೆ. ಚಂದ್ರನ ಧೂಳು ಉಡುಪಿಗೆ ಅಂಟಿ ನೌಕೆಯೊಳಗೆ ಬಂದು ಸ್ಮಿಟ್ ಅವರಿಗೆ ಮೂಗು ಕಟ್ಟಿ ಸೀನು ಹಿಡಿಸಿತ್ತು. ಮಂಗಳದ ಮಣ್ಣಿನಲ್ಲಿ ಥೈರಾಯ್ಡ್ ಗ್ರಂಥಿಗೆ ತೊಂದರೆ ಕೊಡುವ ಪರ್‌ಕ್ಲೋರೇಟ್ ಲವಣಗಳಿವೆ ಎಂದು 2008ರಲ್ಲಿ ಫೀನಿಕ್ಸ್ ಲ್ಯಾಂಡರ್ ತೋರಿಸಿತು.

ಹಾಗಾದರೆ ಕಣ್ಣೂ ಕೈಯೂ ಬೇಕು, ಮೈ ಬೇಡ ಎಂದಂತಾಯಿತಲ್ಲ? ಹೌದು, ನಾನು ಹೇಳುತ್ತಿರುವುದು ಅದನ್ನೇ. ಅದಕ್ಕೆ ದಾರಿಯೂ ಇದೆ. ಮಂಗಳದ ಸುತ್ತ, ನೆಲದಿಂದ ಸುಮಾರು ಆರು ಸಾವಿರ ಕಿಲೋಮೀಟರ್ ಎತ್ತರದಲ್ಲಿ, ಫೋಬೋಸ್ ಎಂಬ ಪುಟ್ಟ ಚಂದ್ರ ಸುತ್ತುತ್ತದೆ. ಇಪ್ಪತ್ತು ಕಿಲೋಮೀಟರ್ ಚಿಲ್ಲರೆ ಅಗಲದ ಕಲ್ಲುಂಡೆ. ಮನುಷ್ಯರು ಅಲ್ಲಿ ಅಥವಾ ಆ ಕಕ್ಷೆಯಲ್ಲಿ ಇದ್ದು, ಕೆಳಗಿನ ರೋವರ್‌ಗಳನ್ನು ತಾವೇ ನಡೆಸಿದರೆ ಮಾತು ಹೋಗಿ ಬರಲು ರೆಪ್ಪೆ ಮಿಟುಕಿಸುವಷ್ಟು ಕಾಲವೂ ಬೇಡ. ಇನ್‌ಸೈಟ್‌ನ ಮೊಳೆ ಕುಣಿದಾಗ ಆ ಕ್ಷಣವೇ ಕಂಡು ತಡೆಯಬಹುದು. ಕಿತ್ತಳೆ ಬಣ್ಣ ಓರೆಗಣ್ಣಿಗೆ ಬಿದ್ದಾಗ ರೋವರನ್ನು ಅಲ್ಲೇ ನಿಲ್ಲಿಸಬಹುದು. ಬೇಯಿಸಿದ ಯಂತ್ರಗಳಷ್ಟೇ ನೆಲ ಮುಟ್ಟುತ್ತವೆ. ಇಪ್ಪತ್ತು ಟನ್ ಇಳಿಸುವ, ಮತ್ತೆ ಹಾರಿಸುವ ಗಂಡಾಂತರ ತಪ್ಪುತ್ತದೆ. ವಿಕಿರಣ ಮತ್ತು ಮೂರು ವರ್ಷದ ಒಂಟಿತನ ಮಾತ್ರ ಹಾಗೇ ಉಳಿಯುತ್ತವೆ, ಅದನ್ನು ಮುಚ್ಚಿಡುವುದಿಲ್ಲ. ಅವು ಪರಿಹಾರವಾಗುವ ತನಕ ಇದೂ ಬೇಡ. ಆದರೆ ಮನುಷ್ಯರನ್ನು ಮಂಗಳದತ್ತ ಕಳುಹಿಸಲೇಬೇಕೆಂದು ಒಂದು ದಿನ ತೀರ್ಮಾನವಾದರೆ, ಖರ್ಚಿಗೆ ತಕ್ಕ ವಿಜ್ಞಾನ ಸಿಗುವುದು ಈ ದಾರಿಯಲ್ಲಿ ಎಂದು ನನ್ನ ನಂಬಿಕೆ.

ಅದಕ್ಕಿಂತ ಮೊದಲು ಆಗಬೇಕಾದದ್ದು ಕಲ್ಲನ್ನು ಇಲ್ಲಿಗೆ ತರುವ ಕೆಲಸ. ಸ್ಮಿಟ್ ಕಥೆಯ ಎರಡನೇ ಭಾಗ ಇಲ್ಲಿ ಬರುತ್ತದೆ. ಪರ್ಸಿವಿಯರೆನ್ಸ್ ತುಂಬಿಟ್ಟಿರುವ ಕೊಳವೆಗಳನ್ನು, ಹೆಚ್ಚೆಂದರೆ ಅರ್ಧ ಕಿಲೋ ಕಲ್ಲನ್ನು, ಮನುಷ್ಯರಿಲ್ಲದೆ ತರಲು 1,100 ಕೋಟಿ ಡಾಲರ್ ತಗುಲಬಹುದು, 2040ರ ತನಕ ಕಾಯಬೇಕಾಗಬಹುದು ಎಂದು 2024ರಲ್ಲಿ ನಾಸಾ ಹೇಳಿತು. ದುಬಾರಿ ಎಂದು ಗದ್ದಲವೆದ್ದಿತು. ಮರುವರ್ಷ ಶ್ವೇತಭವನ ಆ ಯೋಜನೆಯನ್ನೇ ನಿಲ್ಲಿಸಬೇಕೆಂಬ ಬಜೆಟ್ ಪ್ರಸ್ತಾವ ಮುಂದಿಟ್ಟಿತು, ಅದೇ ಪ್ರಸ್ತಾವದಲ್ಲಿ ಮಂಗಳಕ್ಕೆ ಮನುಷ್ಯರನ್ನು ಕಳುಹಿಸುವ ತಯಾರಿಗೆ ಹೊಸದಾಗಿ ಹಣ ತೋರಿಸಿತು. ಇದು ನನಗೆ ತಲೆಕೆಳಗಾದ ಆದ್ಯತೆಯಾಗಿ ಕಾಣುತ್ತದೆ. ಕೈಗೆ ಸಿಕ್ಕ ಕಲ್ಲನ್ನು ಅಲ್ಲೇ ಬಿಟ್ಟು ಬಾವುಟ ಹೊತ್ತು ಹೊರಡುವುದು. ಚೀನಾ ಮಾತ್ರ 2028ರ ಸುಮಾರಿಗೆ ತ್ಯಾನ್‌ವೆನ್-3 ಎಂಬ ನೌಕೆ ಹಾರಿಸಿ ಮಂಗಳದ ಮಣ್ಣು ತರುವ ಯೋಜನೆ ಹಾಕಿಕೊಂಡಿದೆ.

ಬಾವುಟದ ಮಾತು ಬಂತು. ಅಪೊಲೊಗೆ ಸುರಿದ 2,500 ಕೋಟಿ ಡಾಲರ್ ಮೀರಿದ ಹಣ ವಿಜ್ಞಾನಕ್ಕೆಂದು ಬಂದದ್ದಲ್ಲ. ಸೋವಿಯತ್ತನ್ನು ಸೋಲಿಸಬೇಕಿತ್ತು. ಸೋಲಿಸಿಯಾದ ಮೇಲೆ ಸಿದ್ಧವಾಗುತ್ತಿದ್ದ ಕೊನೆಯ ಮೂರು ಯಾನಗಳನ್ನು ರದ್ದು ಮಾಡಿದರು. ಭೂವಿಜ್ಞಾನಿಗೆ ಸೀಟು ಸಿಕ್ಕಿದ್ದು ಕಟ್ಟಕಡೆಯ ಬಸ್ಸಿನಲ್ಲಿ. ಮಂಗಳಕ್ಕೂ ಹೀಗೇ ಆಗುತ್ತದೆ ಎಂಬುದು ನನ್ನ ಭಯ. ಇನ್ನು ‘ಭೂಮಿ ಹಾಳಾದರೆ ಮಂಗಳದಲ್ಲಿ ಬದುಕೋಣ’ ಎನ್ನುವ ವಾದಕ್ಕೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. ಅತಿ ಹಾಳಾದ ಭೂಮಿಯಲ್ಲೂ ಉಸಿರಾಡುವ ಗಾಳಿ ಮಂಗಳಕ್ಕಿಂತ ಚೆನ್ನಾಗಿರುತ್ತದೆ.

ಸ್ಫೂರ್ತಿಯ ವಾದ ಹಾಗಲ್ಲ, ಅದನ್ನು ಗೌರವಿಸುತ್ತೇನೆ. ಆದರೆ ಸ್ಫೂರ್ತಿಗೆ ನೌಕೆಯೊಳಗೆ ಮನುಷ್ಯನೇ ಕೂರಬೇಕೇ? 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಮಂಗಳಯಾನ ಕಕ್ಷೆ ಸೇರುವಾಗ ನಮ್ಮ ಕಾಲೇಜಿನ ಸಿಬ್ಬಂದಿ ಕೋಣೆಯ ಟಿವಿ ಮುಂದೆ ನಿಲ್ಲಲು ಜಾಗವಿರಲಿಲ್ಲ. ಎಂಜಿನ್ ಉರಿಯುತ್ತಿರುವಾಗಲೇ ನೌಕೆ ಗ್ರಹದ ಹಿಂದೆ ಮರೆಯಾಯಿತು. ಸಂಕೇತ ಬರಲು ಹನ್ನೆರಡು ನಿಮಿಷಕ್ಕೂ ಹೆಚ್ಚು. ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ಎಲ್ಲರೂ ಎದ್ದು ಕೈಚಪ್ಪಾಳೆ ತಟ್ಟಿದಾಗ ನಮ್ಮ ಅಟೆಂಡರ್ ಕಣ್ಣೊರೆಸಿಕೊಂಡರು. ಮುಡಿಗೆ ಹೂ ಮುಡಿದ ಮಹಿಳಾ ಸಿಬ್ಬಂದಿ ನಗುತ್ತಿದ್ದ ಚಿತ್ರ ಅಂದು ಜಗತ್ತೆಲ್ಲ ಸುತ್ತಿತು. ಆ ನೌಕೆಯಲ್ಲಿದ್ದದ್ದು ಹದಿನೈದು ಕಿಲೋ ಉಪಕರಣ ಮಾತ್ರ.

ನಮ್ಮ ದೇಶದ ಮಟ್ಟಿಗೆ ಹೇಳುವುದಾದರೆ, ವಿಕ್ರಮ್ ಸಾರಾಭಾಯಿ ಅವರು ಇಸ್ರೋಗೆ ಬುನಾದಿ ಹಾಕುವಾಗಲೇ, ಗ್ರಹಗಳಿಗೆ ಹೋಗುವುದರಲ್ಲಿ ಅಥವಾ ಮಾನವಸಹಿತ ಹಾರಾಟದಲ್ಲಿ ಶ್ರೀಮಂತ ದೇಶಗಳೊಡನೆ ಪೈಪೋಟಿ ಮಾಡುವ ಭ್ರಮೆ ನಮಗಿಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದರು. ಕಾಲ ಬದಲಾಗಿದೆ, ಗಗನಯಾನವನ್ನು ನಾನು ವಿರೋಧಿಸುವುದಿಲ್ಲ. ಹತ್ತಿರದ ಕಕ್ಷೆಯಲ್ಲಿ ಮನುಷ್ಯನನ್ನು ಬದುಕಿಸುವ ವಿದ್ಯೆ ಕಲಿಯದೆ ಮುಂದಿನ ಮಾತಿಲ್ಲ. 2025ರಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ಹೆಸರುಕಾಳು, ಮೆಂತ್ಯ ಮೊಳಕೆ ಬರಿಸಿದರಲ್ಲ, ಆ ಪ್ರಯೋಗವನ್ನು ಕಳುಹಿಸಿದವರು ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು. ಆದರೆ ನನ್ನ ಮನಸ್ಸು ಹೆಚ್ಚು ಕುಣಿದದ್ದು 2024ರ ಸೆಪ್ಟೆಂಬರ್‌ನಲ್ಲಿ ಚಂದ್ರಯಾನ-4ಕ್ಕೆ ಒಪ್ಪಿಗೆ ಸಿಕ್ಕಾಗ. 2,104 ಕೋಟಿ ರೂಪಾಯಿ, ಮನುಷ್ಯರಿಲ್ಲ, ಚಂದ್ರನ ಮಣ್ಣನ್ನು ತಂದು ನಮ್ಮ ಪ್ರಯೋಗಾಲಯಗಳಲ್ಲಿ ಇಡುವ ಯೋಜನೆ. ಅಪೊಲೊ ಮಾದರಿಗಳನ್ನು ಪರೀಕ್ಷಿಸಿದ ಅನುಭವ ನಮ್ಮ ವಿಜ್ಞಾನಿಗಳಿಗೆ ಆ ಕಾಲದಿಂದಲೂ ಇದೆ. ಇನ್ನು ಮೂವತ್ತಾರು ವರ್ಷ ಬಿಟ್ಟು ನಿಮ್ಮ ಶಾಲೆಯ ಯಾರೋ ಒಬ್ಬರು ಹೊಸ ಉಪಕರಣದಲ್ಲಿ ಅದನ್ನು ಮತ್ತೆ ನೋಡಬಹುದು.

ಸ್ಪರ್ಧೆಯ ತೀರ್ಪು ಇನ್ನೂ ಬಾಕಿ ಇದ್ದರೆ, ಹುಡುಗಿಯ ತಂಡಕ್ಕೆ ಅರ್ಧ ಅಂಕ ಹೆಚ್ಚು ಕೊಡಿ ಎನ್ನುತ್ತೇನೆ. ಅವಳ ತೀರ್ಮಾನ ನನ್ನದಲ್ಲ, ಆದರೆ ಪ್ರಶ್ನೆಯ ತಿರುಳನ್ನು ಮುಟ್ಟಿದವಳು ಅವಳೇ. ಹುಡುಗನಿಗೆ ಒಂದು ಸಂಗತಿ ತಿಳಿಸಿ: ಚಂದ್ರಯಾನದ ಲ್ಯಾಂಡರ್‌ನ ಸಂವೇದಕಗಳನ್ನು ಪರೀಕ್ಷಿಸಲು ಇಸ್ರೋ ಚಂದ್ರನ ಕುಳಿಗಳಂಥ ಗುಂಡಿಗಳನ್ನು ತೋಡಿದ್ದು ನಿಮ್ಮದೇ ಜಿಲ್ಲೆಯ ಚಳ್ಳಕೆರೆ ಬಳಿಯ ಉಳ್ಳಾರ್ತಿ ಕಾವಲಿನಲ್ಲಿ.

ಆಮೇಲೆ ಇಬ್ಬರನ್ನೂ, ಸಾಧ್ಯವಾದರೆ ತರಗತಿಯನ್ನೇ, ನಿಮ್ಮ ಜಿಲ್ಲೆಯದೇ ಆದ ಮರಡಿಹಳ್ಳಿಗೆ ಕರೆದುಕೊಂಡು ಹೋಗಿ. ಅಲ್ಲಿನ ಬಂಡೆ ತಲೆದಿಂಬುಗಳನ್ನು ಒಟ್ಟಿದಂತೆ ಕಾಣುತ್ತದೆ. ಲಾವಾ ಆ ಆಕಾರ ತಾಳುವುದು ನೀರಿನೊಳಗೆ ಉಕ್ಕಿದಾಗ ಮಾತ್ರ. ನಾಲ್ಕು ದಿನಕ್ಕೊಮ್ಮೆ ನಲ್ಲಿ ನೀರು ಬರುವ ಆ ನೆಲ 250 ಕೋಟಿ ವರ್ಷದ ಹಿಂದೆ ಕಡಲಿನ ತಳವಾಗಿತ್ತು ಎಂದು ಆ ಕಲ್ಲೇ ಮಕ್ಕಳಿಗೆ ಹೇಳುತ್ತದೆ. ಬೆಳಗಿನ ಓರೆ ಬಿಸಿಲಿನಲ್ಲಿ ಹೋಗಿ, ದಿಂಬುಗಳ ಅಂಚು ಆಗ ಎದ್ದು ಕಾಣುತ್ತದೆ. ಪ್ರತಿ ಇಬ್ಬರಿಗೆ ಒಂದು ಲೆನ್ಸ್, ಕಲ್ಲಿನ ಮೇಲೆ ಚಿಮುಕಿಸಲು ಒಂದು ಬಾಟಲಿ ನೀರು ಇರಲಿ. ಸುತ್ತಿಗೆಯನ್ನು ಮಾತ್ರ ಶಾಲೆಯಲ್ಲೇ ಬಿಟ್ಟು ಹೋಗಿ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.